ಅಟ್ಟದ ಟ್ರಂಕಿನಲ್ಲಿರೋ ನಾಟದ ಊರು: ಹಳೇ ಫೋಟೊ, ಕಾಗದ ಉಳಿಸ್ಕೊಳ್ಳೋದು ಹೇಗೆ

ಚಿಕ್ಕಮಗಳೂರು ಜಿಲ್ಲೆ ಎನ್.ಆರ್. ಪುರದ ನಮ್ಮಜ್ಜನ ಮನೆ ಅಟ್ಟದಲ್ಲಿ ಒಂದು ತಗಡಿನ ಟ್ರಂಕಿತ್ತು, ಅದರೊಳಗೆ ಅಡಿಕೆ ಮಂಡಿ ಚೀಟಿಗಳ ಅಡಿಗೆ ಒಂದು ಫೋಟೊ ಸಿಕ್ತು. ಉರುಳಿಸಿಟ್ಟ ಒಂದು ಬೀಟೆ ದಿಮ್ಮಿ, ಅದರ ಮುಂದೆ 11 ಜನ. ದಿಮ್ಮಿ ಎಷ್ಟು ದಪ್ಪ ಅಂದ್ರೆ ಒರಗಿ ನಿಂತವರ ಎದೆಮಟ್ಟಕ್ಕೆ ಬರುತ್ತೆ. ಬಲಗಡೆ ಅಂಚಲ್ಲಿ ಒಬ್ಬ ಚಡ್ಡಿ ಹುಡುಗ, ಕೈಯಲ್ಲಿ ಚಾ ಕೆಟಲ್. ಫೋಟೊ ಹಿಂದೆ ಒಂದಕ್ಷರ ಇಲ್ಲ, ನಮ್ಮಜ್ಜನ್ನ ಬಿಟ್ರೆ ಉಳಿದ 10 ಜನ ಯಾರು ಅಂತ ಮನೇಲಿ ಯಾರಿಗೂ ಗೊತ್ತಿಲ್ಲ. ಆವತ್ತಿಂದ ಊರಿನ ಹಳೇ ಫೋಟೊ, ಕಾಗದ ಹುಡುಕಿ ಉಳಿಸೋ ಕೆಲಸಕ್ಕೆ ಬಿದ್ದಿದ್ದೀನಿ, ಮೂರು ವರ್ಷದಲ್ಲಿ ಏನು ಕಲಿತೆನೋ ಅದನ್ನ ಇಲ್ಲಿ ಹೇಳ್ತೀನಿ, ನಿಮ್ಮೂರಲ್ಲೂ ನೀವು ಮಾಡಬಹುದು.

ನಾಟ ಅಂದ್ರೆ ಕಡಿದ ಮರ, ಆ ನಾಟದ ಊರಾದ ನಮ್ಮೂರಿನ ಕಥೆ ಸ್ವಲ್ಪ ಹೇಳಿಬಿಡ್ತೀನಿ. ಊರಿನ ಮೊದಲಿನ ಹೆಸರು ಎಡೇಹಳ್ಳಿ, ಯುವರಾಜ ನರಸಿಂಹರಾಜ ಒಡೆಯರ್ ಹೆಸರಲ್ಲಿ ನರಸಿಂಹರಾಜಪುರ ಆಯ್ತು. ತರೀಕೆರೆಯಿಂದ ಇಲ್ಲಿಗೆ ಕಾಡಿನ ಮಧ್ಯೆ 2 ಅಡಿ ಅಗಲದ ಹಳಿ ಮೇಲೆ ಪುಟ್ಟ ರೈಲು ಓಡ್ತಿತ್ತು, ನಮ್ಮ ಹಿರಿಯರು ಅದನ್ನ ಟ್ರಾಂ ಅಂತಲೇ ಕರೀತಿದ್ರು. ಆಗಿನ ಬೆಂಕಿಪುರ ಅಂದ್ರೆ ಈಗಿನ ಭದ್ರಾವತಿಯಲ್ಲಿ 1923ರಲ್ಲಿ ಕಬ್ಬಿಣದ ಕುಲುಮೆ ಶುರುವಾಯ್ತಲ್ಲ, ಅದು ಉರೀತಿದ್ದದ್ದು ಕಲ್ಲಿದ್ದಲಿನಲ್ಲಿ ಅಲ್ಲ, ಮರದ ಇದ್ದಲಿನಲ್ಲಿ, ಆ ಸೌದೆ ಹೋಗ್ತಿದ್ದದ್ದು ಈ ಸುತ್ತಿನ ಕಾಡುಗಳಿಂದ. ಆಮೇಲೆ ಲಕ್ಕವಳ್ಳಿಯಲ್ಲಿ ಭದ್ರಾ ಅಣೆಕಟ್ಟು ಬಂತು, ಹಿನ್ನೀರಲ್ಲಿ ಎಷ್ಟೋ ಹಳ್ಳಿ ಮುಳುಗಿದ್ವು, 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಬಂತು, ಕೂಪಿನ ಕೆಲಸ, ಅಂದ್ರೆ ಕಾಡಲ್ಲಿ ಗುರುತು ಮಾಡಿದ ಜಾಗದಲ್ಲಿ ಮರ ಕಡಿಯೋದು, ನಿಲ್ತಾ ಬಂತು, ಮರ ಕೊಯ್ಯೋ ಸಾಮಿಲ್‌ಗಳು ಒಂದೊಂದೇ ಬಾಗಿಲು ಹಾಕಿದ್ವು. ಕೆಲಸ ಹೋದ್ಮೇಲೆ ಆ ಕೆಲಸದ ಕಾಗದ ಯಾರಿಗೆ ಬೇಕು ಹೇಳಿ, ಗುಜರಿಗೆ ಹೋಗುತ್ತೆ, ಇಲ್ಲ ಹಂಡೆ ಒಲೆಗೆ.

ಮೊದಲು ಹುಡುಕೋದು

ಮನೆಮನೆಗೆ ಹೋಗಿ "ಹಳೇ ಫೋಟೊ ಇದ್ಯಾ" ಅಂತ ಕೇಳಿದ್ರೆ ಎಲ್ಲರೂ "ಅಯ್ಯೋ ಅಂಥದ್ದೇನೂ ಇಲ್ಲ ಮಾರಾಯ್ರೆ" ಅಂತಾರೆ, ಅವರಿಗೆ ಅದು ಇತಿಹಾಸ ಅಂತ ಅನ್ಸಿರಲ್ಲ. ಅದಕ್ಕೇ ವಸ್ತು ಹೆಸರು ಹಿಡಿದು ಕೇಳಿ. ನಾಟ ಇಡೋ ಡಿಪೋದ ಪಾಸ್ ಇದ್ಯಾ, ಲಾರಿ ಪೂಜೆ ಮಾಡಿದ ಫೋಟೊ ಇದ್ಯಾ, ಮದುವೆ ಆಲ್ಬಂ ಕೊಡ್ತೀರಾ ಅಂತ. ಮದುವೆ ಆಲ್ಬಂನಲ್ಲಿ ಮದುಮಕ್ಕಳ ಹಿಂದೆ ಕಾಣೋ ಪೇಟೆ ಬೀದಿ, ಚಪ್ಪರಕ್ಕೆ ತಂದು ಹಾಕಿರೋ ಮರ, ದಿಬ್ಬಣ ಬಂದ ಲಾರಿ, ಇದೆಲ್ಲ ನಮಗೆ ಬೇಕಾದದ್ದೇ.

ಸಾಮಿಲ್ ನಡೆಸಿದವರ ಮನೆ, ಲಾರಿ ಓನರ್‌ಗಳು, ಸಹಕಾರ ಸಂಘ, ಹಳೇ ಸ್ಟುಡಿಯೋ, ಎಲ್ಲ ಕಡೆ ಹೋಗಿ ವಿಚಾರಿಸಿ. ಶಾಲೆಯ ದಾಖಲಾತಿ ರಿಜಿಸ್ಟರ್ ಮಾತ್ರ ಮರೀಬೇಡಿ, ಅದರಲ್ಲಿ ತಂದೆ ಉದ್ಯೋಗದ ಕಾಲಂ ಇರುತ್ತೆ, ಗರಗಸದ ಕೆಲಸ, ಗಾಡಿ ಹೊಡೆಯೋದು, ಕೂಲಿ ಅಂತ ಬರೆದಿರ್ತಾರೆ, ಕಂಟ್ರಾಕ್ಟರ್ ಪುಸ್ತಕದಲ್ಲಿ ಇಲ್ಲದ ಕೂಲಿಯವರ ಹೆಸರು ಅಲ್ಲಿ ಸಿಗಬಹುದು. ಮಸೀದಿ, ಚರ್ಚ್ ರಿಜಿಸ್ಟರ್ ಕೂಡ ಹಂಗೇ. ಮರದ ಕೆಲಸಕ್ಕೆ ತಮಿಳು ಕಡೆಯಿಂದ, ಮಲಬಾರಿನಿಂದ ಬಂದವರು ಬಹಳ, ಆಮೇಲೆ ಕೇರಳದಿಂದ ಬಂದು ತೋಟ ಮಾಡಿ ನೆಲೆ ನಿಂತವರೂ ಇದ್ದಾರೆ. ಅವರ ಪತ್ರಗಳು ತಮಿಳಲ್ಲಿ, ಮಲಯಾಳಂನಲ್ಲಿ ಇರ್ತಾವೆ. ನಮಗೆ ಓದೋಕೆ ಬರಲ್ಲ ಅಂತ ಪಕ್ಕಕ್ಕಿಟ್ರೆ ಊರಿನ ಅರ್ಧ ಕಥೆ ಹೋಯ್ತು.

ಭದ್ರಾ ಅಭಯಾರಣ್ಯದೊಳಗಿನ ಊರಿನವರನ್ನ 2000ದ ದಶಕದ ಶುರುವಲ್ಲಿ ತರೀಕೆರೆ ಕಡೆ ಎಂ.ಸಿ. ಹಳ್ಳಿಗೆ ಸ್ಥಳಾಂತರ ಮಾಡಿದ್ರು, ಅಂಥ ಕಡೆಗೂ ಹೋಗಿ ಬನ್ನಿ. ಊರು ಬಿಟ್ಟು ಬಂದವರು ಟ್ರಂಕು ಬಿಟ್ಟು ಬಂದಿರಲ್ಲ.

ಒಂದು ನೋವು ಹೇಳ್ಕೋಬೇಕು. ನಮ್ಮ ಕಡೆ ಒಂದು ಸ್ಟುಡಿಯೋದಲ್ಲಿ ಮೂವತ್ತು ನಲವತ್ತು ವರ್ಷದ ನೆಗೆಟಿವ್ ಇತ್ತು ಅಂತ ಗೊತ್ತಾಗಿ ನಾನು ಹೋಗೋ ಹೊತ್ತಿಗೆ ಆಯುಧಪೂಜೆ ಕ್ಲೀನಿಂಗ್‌ನಲ್ಲಿ ಎಲ್ಲ ತೂಕಕ್ಕೆ ಹಾಕಿ ಎರಡು ವಾರ ಆಗಿತ್ತು. ಅದಕ್ಕೇ ಹೇಳೋದು, ನವರಾತ್ರಿಗೆ ಮುಂಚೆ ಅಂಗಡಿಗಳಿಗೆ ಒಂದು ರೌಂಡ್ ಹೋಗಿ ಬನ್ನಿ.

ಮುಟ್ಟೋವಾಗ ಜಾಗ್ರತೆ

ಕೈ ತೊಳೆದು ಚೆನ್ನಾಗಿ ಒಣಗಿಸ್ಕೊಳ್ಳಿ, ಫೋಟೊನ ಅಂಚಲ್ಲಿ ಹಿಡೀರಿ. ಧೂಳನ್ನ ಮೆತ್ತನೆ ಬ್ರಷ್‌ನಲ್ಲಿ ಒಳಗಿಂದ ಹೊರಗೆ ಸವರಿ, ಒದ್ದೆ ಬಟ್ಟೆ ಬೇಡವೇ ಬೇಡ. ಹರಿದಿದ್ರೆ ಸೆಲ್ಲೋಟೇಪ್ ಹಚ್ಚಬೇಡಿ, ಅದರ ಅಂಟು ಕೆಲವೇ ವರ್ಷದಲ್ಲಿ ಹಳದಿ ಆಗಿ ಕಾಗದದೊಳಗೆ ಇಳಿಯುತ್ತೆ. ಲ್ಯಾಮಿನೇಷನ್ ಅಂತೂ ಯಾವ ಕಾರಣಕ್ಕೂ ಮಾಡಿಸಬೇಡಿ. ನಮ್ಮಜ್ಜನ ಡಿಪೋ ಪಾಸನ್ನ ನಾನೇ ಕಾಲೇಜಿನಲ್ಲಿದ್ದಾಗ ಲ್ಯಾಮಿನೇಟ್ ಮಾಡಿಸಿದ್ದೆ, ಆ ಬಿಸಿಗೆ ನೇರಳೆ ಸೀಲು ಹರಡಿ ರೇಂಜರ್ ಸಹಿ ಮೇಲೇ ಕೂತಿದೆ, ಈಗ ಬಿಚ್ಚೋಕೂ ಆಗಲ್ಲ. ಇವತ್ತಿಗೂ ಅದನ್ನ ನೋಡಿದ್ರೆ ಹೊಟ್ಟೆ ಉರಿಯುತ್ತೆ.

ನಮ್ಮ ಮಳೆಗಾಲದ ದೊಡ್ಡ ಕಾಟ ಬೂಸ್ಟು, ಆಮೇಲೆ ಫೋಟೊಗಳು ಒಂದಕ್ಕೊಂದು ಅಂಟ್ಕೊಂಡು ಕೂರೋದು. ಅಂಟಿದ್ದನ್ನ ಒಣಗಿದ ಹಾಗೇ ಎಳೀಬೇಡಿ, ಮುಖದ ಚರ್ಮನೇ ಕಿತ್ತು ಬರುತ್ತೆ. ಮೊದಲು ಆ ಕಟ್ಟು ಹೇಗಿದೆಯೋ ಹಾಗೇ ಸ್ಕ್ಯಾನ್ ಮಾಡಿ, ಆಮೇಲೂ ಬಿಡಿಸಲೇಬೇಕು ಅಂದ್ರೆ ಗೊತ್ತಿರೋ ಫೋಟೊಗ್ರಾಫರ್ ಒಬ್ಬರನ್ನ ಕೂರಿಸ್ಕೊಂಡು, ಅಷ್ಟು ಮುಖ್ಯ ಅಲ್ಲದ ಒಂದು ಫೋಟೊ ಮೇಲೆ ಪರೀಕ್ಷೆ ಮಾಡಿ ನೋಡಿ.

ಹಳೇ ಮನೆಗಳಲ್ಲಿ ಕಡತ ಸಿಕ್ಕಿದ್ರೆ ನಿಮ್ಮ ಪುಣ್ಯ. ಈಗ ಆಫೀಸು ಫೈಲಿಗೆ ಕಡತ ಅಂತೀವಲ್ಲ, ಮೂಲದಲ್ಲಿ ಅದು ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲ ಪುಡಿ ಬಳಿದು ಕಪ್ಪು ಮಾಡಿ ಬಳಪದಲ್ಲಿ ಬರೀತಿದ್ದ ಮಡಿಕೆ ಪುಸ್ತಕ. ಬಳಪದ ಅಕ್ಷರ ಕೈ ತಾಗಿದ್ರೆ ಅಳಿಸಿ ಹೋಗುತ್ತೆ, ಹಾಗಾಗಿ ಬಿಡಿಸಿಟ್ಟು ಮುಟ್ಟದೇ ಮೇಲಿಂದ ಫೋಟೊ ಹೊಡ್ಕೊಳ್ಳಿ ಸಾಕು.

ಸ್ಕ್ಯಾನ್

ಸ್ಕ್ಯಾನರ್ ಇದ್ರೆ ಪ್ರಿಂಟ್ ಫೋಟೊಗೆ 600 ಡಿಪಿಐ, ಕಾಗದಕ್ಕೆ 300 ಸಾಕು, ಮೂಲ ಪ್ರತಿ ಟಿಫ್‌ನಲ್ಲಿ ಇಟ್ಕೊಳ್ಳಿ, ಹಂಚೋಕೆ ಜೆಪಿಜಿ. ಇಲ್ಲದಿದ್ರೆ ಮೊಬೈಲೂ ಆಗುತ್ತೆ, ಬೆಳಿಗ್ಗೆ ಜಗಲಿ ಬೆಳಕಲ್ಲಿ, ಬಿಸಿಲು ನೇರ ಬೀಳದ ಕಡೆ, ಫ್ಲಾಶ್ ಆಫ್ ಮಾಡಿ, ಪಕ್ಕಕ್ಕೆ ಒಂದು ಸ್ಕೇಲ್ ಇಟ್ಟು ತೆಗೀರಿ. ಹಿಂಬದೀನೂ ತೆಗೀರಿ, ಖಾಲಿ ಇದ್ರೂ ತೆಗೀರಿ. ವಾಟ್ಸಾಪ್‌ನಲ್ಲಿ ಫೋಟೊ ಅಂತ ಕಳ್ಸಿದ್ರೆ ಸೈಜ್ ಇಳಿದು ಹೋಗುತ್ತೆ, ಡಾಕ್ಯುಮೆಂಟ್ ಅಂತ ಕಳ್ಸಿ. ಮೂಲ ಪ್ರತಿಯನ್ನ ಆದಷ್ಟು ಅವರ ಮನೇಲೇ ಕೂತು ಸ್ಕ್ಯಾನ್ ಮಾಡಿ ವಾಪಸ್ ಕೊಟ್ಟು ಬನ್ನಿ, ತರಲೇಬೇಕಾದ್ರೆ ಏನೇನು ತಂದೆ, ಯಾವತ್ತು ಕೊಡ್ತೀನಿ ಅಂತ ಚೀಟಿ ಬರೆದು ಕೊಡಿ.

ಯಾವ ಕಾಲದ್ದು ಅಂತ ಕಂಡುಹಿಡಿಯೋದು

ಈ ಕೆಲಸದಲ್ಲಿ ನನಗೆ ಅತಿ ಇಷ್ಟದ ಭಾಗ ಇದೇ. ತಾರೀಕು ಬರೆದಿಲ್ಲ ಅಂದ್ರೂ ಕಾಗದ ತಾನೇ ಹೇಳುತ್ತೆ. ಲೆಕ್ಕದಲ್ಲಿ 12-8-6 ಅಂತ ಇದ್ರೆ ಅದು 12 ರೂಪಾಯಿ 8 ಆಣೆ 6 ಪೈ, ಅಂದ್ರೆ ಬಹುಪಾಲು 1957ರ ಏಪ್ರಿಲ್‌ಗೆ ಮುಂಚಿನದ್ದು, ಯಾಕಂದ್ರೆ ಆವತ್ತಿಂದ ನಯಾಪೈಸೆ ಬಂತು. ಬಹುಪಾಲು ಅಂದೆ, ಲೆಕ್ಕ ಬರೆಯೋ ಹಳೇ ರೈಟರ್‌ಗಳು ಆಮೇಲೂ ಕೆಲ ಕಾಲ ಆಣೆ ಲೆಕ್ಕನೇ ಬರೆದಿದ್ದಿರಬಹುದು. ವಿಳಾಸದಲ್ಲಿ ಕಡೂರು ಜಿಲ್ಲೆ ಅಂತಿದ್ರೆ 1947ಕ್ಕೆ ಮುಂಚಿನದ್ದು ಅಂತ ಊಹಿಸಬಹುದು, ನಮ್ಮ ಜಿಲ್ಲೆಗೆ ಆಗ ಅದೇ ಹೆಸರು. ಮೈಸೂರು ರಾಜ್ಯ ಅಂತ ಅಚ್ಚಾಗಿದ್ರೆ 1973ರ ನವೆಂಬರ್‌ಗೆ ಮೊದಲಿನ ಫಾರಂ. ಕಾರ್ಡಿನ ಮೇಲೆ ಆರಂಕಿ ಪಿನ್‌ಕೋಡ್ ಇದ್ರೆ 1972ರ ಆಗಸ್ಟ್ ಆದ್ಮೇಲೆ. ಲಾರಿ ನಂಬರ್ ಕೆಎ 18 ಅಂತಲೋ ಹಾಸನದವರಾದ್ರೆ ಕೆಎ 13 ಅಂತಲೋ ಇದ್ರೆ 1989ರಿಂದ ಈಚೆಗೆ.

ದಿಮ್ಮೀನೂ ಓದಬಹುದು. ತುದಿಯಲ್ಲಿ ಹೊಡೆದಿರೋ ಸುತ್ತಿಗೆ ಮುದ್ರೆ ಅಂದ್ರೆ ಹ್ಯಾಮರ್ ಮಾರ್ಕು, ನಂಬರ್, ಇವನ್ನ ದೊಡ್ಡದು ಮಾಡಿ ನೋಡಿ, ಡಿಪೋ ಪುಸ್ತಕ ಸಿಕ್ಕಿದ್ರೆ ತಾಳೆ ಹಾಕಬಹುದು. ಲೆಕ್ಕದ ಪುಸ್ತಕದಲ್ಲಿ ಸುತ್ತಳತೆ 8 ಅಡಿ, ಉದ್ದ 20 ಅಡಿ, ಮುಂದೆ 80 ಅಂತ ಬರೆದಿದ್ರೆ ಗಾಬರಿ ಬೇಡ, ಸುತ್ತಳತೆಯ ಕಾಲುಭಾಗ 2, ಅದನ್ನ ಅದರಿಂದಲೇ ಗುಣಿಸಿದ್ರೆ 4, ಉದ್ದ 20ರಿಂದ ಗುಣಿಸಿದ್ರೆ 80 ಘನ ಅಡಿ. ನಾಟದ ವ್ಯಾಪಾರದಲ್ಲಿ ಹೀಗೇ ಅಳೀತಿದ್ದದ್ದು. ಪೂರ್ತಿ ಗುಂಡಗಿರೋ ದಿಮ್ಮಿಯ ನಿಜವಾದ ಗಾತ್ರ ಸುಮಾರು 102 ಘನ ಅಡಿ ಆಗುತ್ತೆ, ಕಾಲುಸುತ್ತಿನ ಲೆಕ್ಕ ಹೊರಮೈಯಲ್ಲಿ ಹೋಗೋ ನಷ್ಟ ಬಿಟ್ಟು ಹೇಳೋದು. ಇದು ಗೊತ್ತಿಲ್ಲದೇ ಆ ಪುಸ್ತಕದ ಅಂಕಿ ತಗೊಂಡು ನಮ್ಮ ಕಾಡಿಂದ ಇಷ್ಟು ಮರ ಹೋಯ್ತು ಅಂತ ಬರೆದ್ರೆ ತಪ್ಪು ಲೆಕ್ಕ ಬರುತ್ತೆ.

ಹೆಸರು ಕೇಳೋದು

ಆ ಬೀಟೆ ದಿಮ್ಮಿ ಫೋಟೊನ ಅಜ್ಜನ ತಂಗಿ ಹತ್ರ ತಗೊಂಡು ಹೋದೆ. ಅಜ್ಜಿಗೆ ಕಣ್ಣು ಮಂಜು, ಕೈಯಲ್ಲಿ ಹಿಡಿದು "ಯಾರೋ ಏನೋ ಕಾಣಲ್ಲ ಮಗಾ" ಅಂದ್ರು. ಆಮೇಲೆ ಸ್ಕ್ಯಾನ್ ಕಾಪಿನ ಪೆನ್‌ಡ್ರೈವ್‌ಗೆ ಹಾಕಿ ಮೊಮ್ಮಗನ ದೊಡ್ಡ ಟಿವಿಗೆ ಚುಚ್ಚಿ ಒಂದೊಂದೇ ಮುಖ ದೊಡ್ಡದು ಮಾಡಿ ತೋರಿಸಿದೆ. ಅಜ್ಜಿ ಕುರ್ಚಿ ಟಿವಿ ಹತ್ರ ಎಳ್ಕೊಂಡ್ರು. ಮೂರನೇ ಮುಖಕ್ಕೆ "ಇವನು ಗರಗಸದ ಕುಂಞಿ, ಹಬ್ಬಕ್ಕೆ ನಮ್ಮನೆಗೆ ಸಕ್ಕರೆ ತರೋನು" ಅಂದ್ರು, ಕೆಟಲ್ ಹುಡುಗ ಬಂದಾಗ ಜೋರಾಗಿ ನಕ್ಕು ಅವನು ಆಮೇಲೆ ಅದೇ ದಿಮ್ಮಿ ಸಾಗಿಸೋ ಲಾರಿಗೆ ಡ್ರೈವರ್ ಆದ ಅಂದ್ರು. ಒಂದು ಸಂಜೇಲಿ ನಾಲ್ಕು ಜನ ಸಿಕ್ಕಿದ್ರು.

ಹಾಗಾಗಿ ಫೋಟೊ ಸಿಕ್ಕ ಕೂಡ್ಲೇ ಟಿವಿಗೆ ಹಾಕಿ ಹಿರಿಯರನ್ನ ಕೂರಿಸಿ, ಮೊಬೈಲ್ ರೆಕಾರ್ಡರ್ ಆನ್ ಮಾಡಿಡಿ, ಅವರಿಗೆ ಹೇಳೇ ಆನ್ ಮಾಡಿ. ಪ್ರಶ್ನೆ ಪಟ್ಟಿ ಹಿಡಿದು ಕೂರಬೇಡಿ, "ಇದು ಯಾವ ಜಾಗ, ಈ ದಾರಿ ಎಲ್ಲಿಗೆ ಹೋಗ್ತಿತ್ತು" ಅಂತ ಬೆರಳಿಟ್ಟು ಕೇಳಿ. ಮಧ್ಯ ಬಾಯಿ ಹಾಕಬೇಡಿ. ಒಬ್ಬರು ಹೇಳಿದ ಹೆಸರನ್ನ ಇನ್ನೊಬ್ಬರಿಗೂ ಕೇಳಿ ಪಕ್ಕಾ ಮಾಡ್ಕೊಳ್ಳಿ, ಇಬ್ಬರು ಬೇರೆ ಬೇರೆ ಹೇಳಿದ್ರೆ ಎರಡನ್ನೂ ಬರೀರಿ, ಯಾರು ಹೇಳಿದ್ದು ಅಂತಾನೂ ಬರೀರಿ. ಫೋಟೊ ಹಿಂದೆ ಬರೆಯೋದಾದ್ರೆ ಮೆತ್ತನೆ ಪೆನ್ಸಿಲ್‌ನಲ್ಲಿ ಅಂಚಲ್ಲಿ ಹಗುರಕ್ಕೆ, ಬಾಲ್‌ಪೆನ್ ಮುಂದಿನ ಬದಿಗೆ ಅಚ್ಚು ಬೀಳ್ಸುತ್ತೆ. ಅಧಿಕಾರಿ, ಕಂಟ್ರಾಕ್ಟರ್ ಹೆಸರು ಹೇಗಾದ್ರೂ ಎಲ್ಲೋ ಒಂದು ಕಡೆ ಸಿಗುತ್ತೆ. ಗರಗಸ ಎಳೆದವನ, ಆನೆ ಮಾವುತನ, ಗಾಡಿ ಹೊಡೆದವನ, ಅಡುಗೆ ಮಾಡಿಕೊಟ್ಟ ಹೆಂಗಸಿನ ಹೆಸರು ಈಗ ಕೇಳಿ ಬರ್ಕೊಳ್ಳದಿದ್ರೆ ಇನ್ಯಾವತ್ತೂ ಸಿಗಲ್ಲ, ನನಗೆ ಈ ಇಡೀ ಕೆಲಸದಲ್ಲಿ ಇದೇ ಮುಖ್ಯ.

ಸರ್ಕಾರಿ ಕಾಗದ

ಅರಣ್ಯ ಇಲಾಖೆಯ ಹಳೇ ವರ್ಕಿಂಗ್ ಪ್ಲಾನ್‌ಗಳಲ್ಲಿ ಯಾವ ಕಾಡಲ್ಲಿ ಯಾವ ವರ್ಷ ಯಾವ ಮರ ಕಡಿಯೋದು ಅಂತ ಬರೆದಿರ್ತಾರೆ, ವಿಭಾಗದ ಕಚೇರಿಯಲ್ಲಿ ಕೇಳಿ. ಕೊಡದಿದ್ರೆ ಆರ್‌ಟಿಐ ಅರ್ಜಿ ಇದೆ, 10 ರೂಪಾಯಿ ಶುಲ್ಕ, ಯಾವ ಕಾಡು, ಯಾವ ಅವಧಿ ಅಂತ ಸ್ಪಷ್ಟವಾಗಿ ಬರೀರಿ, "ಎಲ್ಲಾ ಹಳೇ ದಾಖಲೆ" ಅಂತ ಕೇಳಿದ್ರೆ ಏನೂ ಬರಲ್ಲ. ಮೈಸೂರು ಸಂಸ್ಥಾನದ ಕಾಲದ ಫೈಲುಗಳಿಗೆ ಬೆಂಗಳೂರಲ್ಲಿ ರಾಜ್ಯ ಪತ್ರಾಗಾರ ಇಲಾಖೆ ಇದೆ. ಹಾಸನದ ಕಡೆಯವರು, ಸಕಲೇಶಪುರದವರು ಕೂಡ ಇದೇ ದಾರಿ ಹಿಡೀಬಹುದು, ಹಾಸನದಲ್ಲಿ ಗಂಧದಕೋಠಿ ಅಂತ ಜಾಗದ ಹೆಸರೇ ಉಳಿದಿದೆಯಲ್ಲ, ಶ್ರೀಗಂಧ ದಾಸ್ತಾನು ಮಾಡ್ತಿದ್ದ ಕಾಲದ ಗುರುತು ಅದು.

ಇಡೋದು, ತೋರಿಸೋದು

ಪ್ಲಾಸ್ಟಿಕ್ ಅಂಟಿನ ಆಲ್ಬಂ ಬೇಡ. ಆಸಿಡ್ ಇಲ್ಲದ ಕಾಗದದ ಕವರ್‌ನಲ್ಲಿ ಒಂದೊಂದೇ ಹಾಕಿ ಕಬ್ಬಿಣದ ಬೀರುವಿನಲ್ಲಿಡಿ, ಬೀರು ಮಳೆ ಹೊಡೆಯೋ ಗೋಡೆಗೆ ತಾಗಿರಬಾರದು, ಅಟ್ಟವೂ ಬೇಡ. ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಬಣ್ಣ ತಿರುಗಿದಾಗ ಬಿಸಿ ಮಾಡಿ ಒಣಗಿಸಿ ಮತ್ತೆ ಹಾಕಿ. ಡಿಜಿಟಲ್ ಪ್ರತಿ ಮೂರು ಕಡೆ ಇರಲಿ, ಅದರಲ್ಲಿ ಒಂದು ಬೇರೆ ಊರಲ್ಲಿ.

ಗಣಪತಿ ಪೆಂಡಾಲ್‌ನಲ್ಲೋ ಜಾತ್ರೆಯಲ್ಲೋ ಕಾಪಿಗಳನ್ನ ದೊಡ್ಡದಾಗಿ ಪ್ರಿಂಟ್ ಹಾಕಿ, ಪ್ರತಿಯೊಂದರ ಕೆಳಗೆ ಖಾಲಿ ಹಾಳೆ, ದಾರಕ್ಕೆ ಕಟ್ಟಿದ ಪೆನ್ಸಿಲ್ ಇಡಿ, ಗೊತ್ತಿದ್ದವರು ಹೆಸರು ಬರೆದು ಹೋಗ್ತಾರೆ. ಆದ್ರೆ ಹಾಕೋ ಮುಂಚೆ ಮನೆಯವರನ್ನ ಕೇಳಿ. ನಾಟದ ಊರಿನ ಟ್ರಂಕಿನಲ್ಲಿ ಕಳ್ಳನಾಟದ ಕೇಸಿನ ಕಾಗದ, ದಂಡ ಕಟ್ಟಿದ ರಸೀದಿ, ಕೋರ್ಟ್ ಸಮನ್ಸು ಎಲ್ಲ ಇರುತ್ತೆ. ಒಂದು ಮನೇಲಿ ಅಂಥದ್ದೊಂದು ಸಿಕ್ಕಾಗ ಆ ಅಮ್ಮ ಕಾಗದ ನನ್ನ ಕೈಯಿಂದ ತಗೊಂಡು ಸ್ವಲ್ಪ ಹೊತ್ತು ನೋಡಿ "ಇದನ್ನೂ ಸ್ಕ್ಯಾನ್ ಮಾಡು, ಆದ್ರೆ ನಾನಿರೋ ತನಕ ಯಾರಿಗೂ ತೋರಿಸ್ಬೇಡಪ್ಪ" ಅಂದ್ರು. ಅದನ್ನ ಬೇರೆ ಕವರ್‌ನಲ್ಲಿ ಹಾಕಿ ಅವರ ಮಾತನ್ನೇ ಮೇಲೆ ಬರೆದಿಟ್ಟಿದ್ದೀನಿ.

ಬೀಟೆ ದಿಮ್ಮಿ ಫೋಟೊದಲ್ಲಿ ಇನ್ನೂ ಆರು ಜನರ ಹೆಸರು ಸಿಗಬೇಕು. ಈ ವರ್ಷ ಮೃಗಶಿರಾ ಮಳೆ ಹಿಡಿಯೋದ್ರೊಳಗೆ ಬಾಳೆಹೊನ್ನೂರು ಕಡೆ ಒಂದು ಮನೆಗೆ ಹೋಗ್ಬೇಕು, ಕೆಟಲ್ ಹುಡುಗನ ಮಗಳು ಅಲ್ಲಿದ್ದಾರಂತೆ, ಅವರ ಮನೇಲೂ ಒಂದು ಟ್ರಂಕಿದೆಯಂತೆ.