ಮುಟ್ಟು ನಿಲ್ಲುವ ವಯಸ್ಸಿನ ತೂಕ: ಊಟ ಬಿಡಬೇಡಿ, ಸ್ನಾಯು ಉಳಿಸಿಕೊಳ್ಳಿ

49ನೇ ವಯಸ್ಸಿನಲ್ಲಿ ನನ್ನ ಮುಟ್ಟು ಲೆಕ್ಕ ತಪ್ಪಿತು. ಎರಡು ತಿಂಗಳಿಗೊಮ್ಮೆ, ಆಮೇಲೆ ನಾಲ್ಕು ತಿಂಗಳಿಗೊಮ್ಮೆ. ಜೊತೆಗೇ ಬಟ್ಟೆಗಳು ಸೊಂಟದ ಹತ್ತಿರ ಬಿಗಿಯಾಗತೊಡಗಿದವು. ಊಟ ಹೆಚ್ಚಿರಲಿಲ್ಲ, ಕೆಲಸವೂ ಕಡಿಮೆಯಾಗಿರಲಿಲ್ಲ. 61 ಕೆಜಿ ಇದ್ದವಳು ಮೂರು ವರ್ಷದಲ್ಲಿ 67ಕ್ಕೆ ಬಂದೆ. ಗಾಬರಿಬಿದ್ದು ರಾತ್ರಿ ಊಟ ಬಿಟ್ಟೆ. ಎರಡು ತಿಂಗಳಲ್ಲಿ 4 ಕೆಜಿ ಇಳಿಯಿತು, ನಿಜ. ಆದರೆ ಒಂದೇ ಕೈಯಲ್ಲಿ ಎತ್ತುತ್ತಿದ್ದ ನೀರು ತುಂಬಿದ ಬಕೆಟ್ಟು ಎರಡು ಕೈ ಹಾಕಿದರೂ ಭಾರವೆನಿಸಿತು. ಮತ್ತೆ ಊಟ ಶುರು ಮಾಡಿದ ಐದೇ ತಿಂಗಳಲ್ಲಿ ಇಳಿದ ತೂಕವೆಲ್ಲ ವಾಪಸ್ಸು ಬಂತು. ತೋಳಿನ ಬಲ ಮಾತ್ರ ಬರಲಿಲ್ಲ. ಹಸಿದಿದ್ದು ನಾನು ಕಳೆದುಕೊಂಡದ್ದು ಬರೀ ಕೊಬ್ಬಲ್ಲ, ಸ್ನಾಯು ಕೂಡ. ಬೇರೆ ಯಾರೂ ಆ ಎರಡು ತಿಂಗಳನ್ನು ಅನುಭವಿಸಬಾರದು ಎಂದೇ ಇದನ್ನು ಬರೆಯುತ್ತಿದ್ದೇನೆ.

ಈ ಹೊತ್ತಿನಲ್ಲಿ ಮೈಯೊಳಗೆ ನಡೆಯುವುದು ಇಷ್ಟು. ಈಸ್ಟ್ರೋಜನ್ ಎಂಬ ಹೆಣ್ಣಿನ ಹಾರ್ಮೋನ್ ಇಳಿದಂತೆ, ಮೊದಲು ತೊಡೆ ಮತ್ತು ನಿತಂಬದಲ್ಲಿ ಸೇರುತ್ತಿದ್ದ ಕೊಬ್ಬು ಹೊಟ್ಟೆಗೆ, ಅದರಲ್ಲೂ ಒಳಗಿನ ಅಂಗಾಂಗಗಳ ಸುತ್ತ ಸೇರತೊಡಗುತ್ತದೆ. ಇನ್ನೊಂದು ಕಡೆ ಸ್ನಾಯು ಕರಗುತ್ತಾ ಹೋಗುತ್ತದೆ. ‘ಈ ವಯಸ್ಸಿಗೆ ಮೆಟಬಾಲಿಸಂ ಕೆಟ್ಟುಹೋಗುತ್ತದೆ, ಏನೂ ಮಾಡಲಾಗದು’ ಎಂದು ನನಗೆ ಹೇಳಿದವರು ಎಷ್ಟೋ ಮಂದಿ. 2021ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ, 6,400ಕ್ಕೂ ಹೆಚ್ಚು ಜನರ ಅಳತೆಗಳನ್ನು ಆಧರಿಸಿದ ಅಧ್ಯಯನ ಬೇರೆಯೇ ಹೇಳುತ್ತದೆ: ದೇಹದ ಗಾತ್ರ ಮತ್ತು ಸ್ನಾಯುವನ್ನು ಲೆಕ್ಕಕ್ಕೆ ಹಿಡಿದರೆ, 20ರಿಂದ 60ರವರೆಗೆ ದೇಹ ಶಕ್ತಿ ಖರ್ಚು ಮಾಡುವ ರೀತಿ ಹೆಚ್ಚುಕಡಿಮೆ ಒಂದೇ. ಇದನ್ನು ಓದಿದ ದಿನ ನನಗೆ ಎಷ್ಟು ಧೈರ್ಯ ಬಂತೆಂದು ಹೇಳಲಾರೆ. ಸ್ನಾಯು ಉಳಿಸಿಕೊಳ್ಳುವುದು ನಮ್ಮ ಕೈಯಲ್ಲೇ ಇದೆಯಲ್ಲ!

ಮೊದಲು ಒಂದು ಟೇಪು ತನ್ನಿ. ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ಮೇಲ್ತುದಿ, ಇವೆರಡರ ನಡುಮಧ್ಯಕ್ಕೆ ಟೇಪು ಸುತ್ತಿ, ಸಹಜವಾಗಿ ಉಸಿರು ಬಿಟ್ಟ ಮೇಲೆ ಅಳೆಯಿರಿ. ಹೊಟ್ಟೆ ಒಳಗೆ ಎಳೆದುಕೊಳ್ಳಬೇಡಿ. ಏಷ್ಯಾದ ಹೆಂಗಸರಿಗೆ 80 ಸೆಂ.ಮೀ., ಉಳಿದವರಿಗೆ 88 ಸೆಂ.ಮೀ. ದಾಟಿದರೆ ಮಧುಮೇಹ, ಹೃದ್ರೋಗದ ಅಪಾಯ ಹೆಚ್ಚು ಎಂದು ಲೆಕ್ಕ. ನನ್ನದು 91 ಇತ್ತು. ತಿಂಗಳಿಗೊಮ್ಮೆ ಅಳೆದು ಬರೆದಿಟ್ಟರೆ ಸಾಕು. ದಿನಾ ತೂಕ ನೋಡಿ ಕೊರಗುವುದು ಬೇಡ.

ಇನ್ನು ಬಲದ ವ್ಯಾಯಾಮ. ನಾನು ತುಂಬಾ ತಡವಾಗಿ ಶುರು ಮಾಡಿದ್ದು ಇದನ್ನೇ, ಹೆಚ್ಚು ಫಲ ಕೊಟ್ಟದ್ದೂ ಇದೇ. ವಾರಕ್ಕೆ ಮೂರು ದಿನ, ನಡುವೆ ಒಂದೊಂದು ದಿನ ಬಿಡುವು. ಕುರ್ಚಿಯಿಂದ ಕೈ ಊರದೆ ಎದ್ದು ನಿಧಾನವಾಗಿ ಕೂರುವುದು 10 ಸಲ. ಗೋಡೆಗೆ ಕೈಯಿಟ್ಟು ಪುಷ್-ಅಪ್ 10 ಸಲ. ಒಂದು ಲೀಟರಿನ ತುಂಬಿದ ಬಾಟಲಿ ಒಂದೊಂದು ಕೈಯಲ್ಲೂ ಒಂದೊಂದು ಹಿಡಿದು, ಸೊಂಟದಿಂದ ಮುಂದೆ ಬಾಗಿ, ಮೊಣಕೈಯನ್ನು ಹಿಂದಕ್ಕೆ ಎಳೆಯುವುದು 10 ಸಲ. ಇಷ್ಟನ್ನೂ ಮೂರು ಸುತ್ತು. ಕೊನೆಯ ಎರಡು ಸಲ ಕಷ್ಟವಾಗಬೇಕು. ಆಗದಿದ್ದರೆ ಭಾರ ಹೆಚ್ಚಿಸುವ ಹೊತ್ತು ಬಂತು. ನಾನು ಬಾಟಲಿಯಿಂದ 2 ಕೆಜಿ ಡಂಬೆಲ್‌ಗೆ, ಅಲ್ಲಿಂದ 5 ಕೆಜಿಗೆ ಹೋಗಲು ಎಂಟು ತಿಂಗಳು ಹಿಡಿಯಿತು. ಮಂಡಿ ನೋವಿದ್ದರೆ ಕುರ್ಚಿಯ ಮೇಲೆ ದಪ್ಪ ದಿಂಬು ಹಾಕಿ ಎತ್ತರಿಸಿಕೊಳ್ಳಿ. ಮುಟ್ಟು ನಿಂತ ಮೇಲೆ ಬೇಗ ಸವೆಯುವ ಮೂಳೆಗಳಿಗೂ ಈ ಭಾರ ಬೇಕು.

ನಡಿಗೆ ವಾರಕ್ಕೆ ಕನಿಷ್ಠ 150 ನಿಮಿಷ. ಮಾತಾಡಬಹುದು, ಹಾಡಲಾಗದು, ಅಷ್ಟು ಬಿರುಸು.

ಊಟದಲ್ಲಿ ನಾನು ಮೊದಲು ಮಾಡಿದ್ದು ಕಡಿತವಲ್ಲ, ಪ್ರೋಟೀನ್ ಸೇರಿಸಿದ್ದು. ಕೆಜಿ ತೂಕಕ್ಕೆ 1ರಿಂದ 1.2 ಗ್ರಾಂ, ಅಂದರೆ 60 ಕೆಜಿ ಇರುವವರಿಗೆ ದಿನಕ್ಕೆ 60ರಿಂದ 72 ಗ್ರಾಂ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಇರುತ್ತದೆ. ಕಾಳು, ಹಾಲು, ಮೀನು, ಯಾವುದು ನಿಮಗೆ ಒಗ್ಗುತ್ತದೋ ಅದು. ಬೆಳಗಿನ ತಿಂಡಿಯಲ್ಲೇ 20 ಗ್ರಾಂ ಆಗುವಂತೆ ನೋಡಿಕೊಂಡ ಮೇಲೆ ಸಂಜೆ ಐದರ ಹೊತ್ತಿನ ನನ್ನ ಹಸಿವು ತಾನಾಗಿ ತಗ್ಗಿತು. ಕಿಡ್ನಿ ತೊಂದರೆ ಇರುವವರು ವೈದ್ಯರನ್ನು ಕೇಳಿಯೇ ಮುಂದುವರಿಯಿರಿ. ಸಕ್ಕರೆ ಹಾಕಿದ ಪಾನೀಯ, ಕರಿದ ತಿಂಡಿ, ಮದ್ಯ ಇವನ್ನು ಕಡಿಮೆ ಮಾಡಬೇಕೆಂದು ನಿಮಗೆ ಗೊತ್ತೇ ಇದೆ.

ನಿದ್ದೆಯ ವಿಷಯ ಯಾರೂ ಹೇಳಲಿಲ್ಲವಲ್ಲ ಎಂದು ಈಗಲೂ ಬೇಸರವಿದೆ. ರಾತ್ರಿ ಮೂರಕ್ಕೆ ಮೈಯೆಲ್ಲ ಬಿಸಿಯೇರಿ, ಬೆವತು ಎಚ್ಚರವಾಗುತ್ತಿತ್ತು. ನಿದ್ದೆಗೆಟ್ಟ ಮರುದಿನ ಸಿಹಿಗೆ ಕೈ ಹೋಗುತ್ತಿತ್ತು. ಅದು ಚಪಲವಲ್ಲ; ನಿದ್ದೆ ಕಡಿಮೆಯಾದರೆ ಹಸಿವೆಯ ಹಾರ್ಮೋನುಗಳೇ ಏರುಪೇರಾಗುತ್ತವೆ. ತಂಪಾದ ಕೋಣೆ, ತೆಳುವಾದ ಹತ್ತಿಯ ಹೊದಿಕೆ, ಮಧ್ಯಾಹ್ನದ ಮೇಲೆ ಕಾಫಿ ಬೇಡ. ಇಷ್ಟಕ್ಕೂ ಬಗ್ಗದಿದ್ದರೆ ಸಹಿಸಿಕೊಂಡು ಕೂರಬೇಡಿ, ಅದಕ್ಕೆ ಔಷಧಿಯಿದೆ. ಇಳಿದ ಈಸ್ಟ್ರೋಜನ್ ತುಂಬಿಕೊಡುವ ಹಾರ್ಮೋನ್ ಚಿಕಿತ್ಸೆ ಅವುಗಳಲ್ಲೊಂದು. ಅದರಿಂದ ದಪ್ಪ ಆಗುತ್ತಾರೆಂಬ ಭಯಕ್ಕೆ ಆಧಾರವಿಲ್ಲ; ಹಾಗೆಂದು ಅದು ತೂಕ ಇಳಿಸುವ ಮದ್ದೂ ಅಲ್ಲ. ಸ್ತನ ಕ್ಯಾನ್ಸರ್ ಆಗಿದ್ದರೆ, ರಕ್ತ ಹೆಪ್ಪುಗಟ್ಟಿದ್ದರೆ ವೈದ್ಯರಿಗೆ ಮೊದಲೇ ಹೇಳಿ.

ಈಗ ನನಗೆ 54. ತೂಕ 64, ಸೊಂಟ 83. ಇಲ್ಲಿಗೆ ಬರಲು ಎರಡು ವರ್ಷ ಬೇಕಾಯಿತು.

ವೈದ್ಯರ ಬಳಿ ಹೋದಾಗ ಥೈರಾಯ್ಡ್, ರಕ್ತದ ಸಕ್ಕರೆ, ಕೊಲೆಸ್ಟರಾಲ್ ಪರೀಕ್ಷೆ ಮಾಡಿಸಿ. ಥೈರಾಯ್ಡ್ ಗ್ರಂಥಿಯ ಕೆಲಸ ಕುಗ್ಗಿದ್ದರೂ ಸುಸ್ತು, ತೂಕ ಎರಡೂ ಏರುತ್ತವೆ, ತಪ್ಪನ್ನೆಲ್ಲ ಮುಟ್ಟಿನ ತಲೆಗೆ ಕಟ್ಟಿಬಿಡುತ್ತೇವೆ. ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಪಟ್ಟಿಯನ್ನೂ ತೋರಿಸಿ. ಸ್ಟೀರಾಯ್ಡ್, ಖಿನ್ನತೆಯ ಕೆಲವು ಮಾತ್ರೆಗಳು ತೂಕ ಏರಿಸುತ್ತವೆ, ಆದರೆ ನೀವಾಗಿಯೇ ನಿಲ್ಲಿಸಬೇಡಿ. ಮುಟ್ಟು ನಿಂತು 12 ತಿಂಗಳಾದ ಮೇಲೆ ಒಂದು ಹನಿ ರಕ್ತ ಕಂಡರೂ ತಡಮಾಡದೆ ತೋರಿಸಿ.