ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ

2019ರ ಬೇಸಿಗೆ. ಬೆಳಿಗ್ಗೆ ಆರೂಮುಕ್ಕಾಲು. ನಮ್ಮೂರ ಡೈರಿ ಮುಂದೆ ಇಪ್ಪತ್ತೈದು ಮೂವತ್ತು ಹೆಂಗಸರು ಬಕೆಟ್ಟು, ಸ್ಟೀಲ್ ಡಬ್ಬ ಹಿಡಿದು ಸಾಲಲ್ಲಿ ನಿಂತಿದ್ದರು. ನಾನು ಹಾಲಿನ ಸಂಘದ ಅಧ್ಯಕ್ಷೆ. ಟೆಸ್ಟ್ ಮಾಡುವ ಮೇಜಿನ ಪಕ್ಕ ಕುರ್ಚಿ ಹಾಕಿಸಿಕೊಂಡು ಕೂತಿದ್ದೆ. ಒಬ್ಬಳ ಹಾಲಿಗೆ ಫ್ಯಾಟ್ 2.6 ಬಂತು. ನೀರು ಬೆರೆತಿದೆಯಾ ಅಂತ ನೋಡುವ ಲ್ಯಾಕ್ಟೋಮೀಟರ್ 25ಕ್ಕೆ ನಿಂತಿತು. ಎರಡೂ ಕಮ್ಮಿ. ಎಲ್ಲರಿಗೂ ಕೇಳುವ ಹಾಗೆ ಅಂದೆ: "ಹಸು ಕರೆದು ತಂದೆಯೋ, ಬಾವಿ ಸೇದಿ ತಂದೆಯೋ?"

ಸಾಲಲ್ಲಿ ನಗು ಎದ್ದಿತು. ಒಳ್ಳೆ ಮಾತು ಹೊಳೆಯಿತಲ್ಲ ಅಂತ ನನಗೂ ಒಳಗೊಳಗೇ ಖುಷಿ. ಆಕೆ ಏನೂ ಅನ್ನದೆ ಡಬ್ಬ ಎತ್ತಿಕೊಂಡು ಹೊರಟುಹೋದಳು. ಸಂಜೆ ಬರಲಿಲ್ಲ. ಮಾರನೇ ದಿನವೂ ಇಲ್ಲ. ಮೂರನೇ ದಿನ ಗೊತ್ತಾಯಿತು, ಊರಾಚೆ ಬಂದು ನಿಲ್ಲುವ ಪ್ರೈವೇಟ್ ವ್ಯಾನಿಗೆ ಹಾಲು ಹಾಕುತ್ತಿದ್ದಾಳೆ ಅಂತ.

ನಮ್ಮದು ಚನ್ನರಾಯಪಟ್ಟಣದ ಕಡೆ ಒಂದು ಹಳ್ಳಿ. ಹೆಂಗಸರದೇ ಹಾಲು ಉತ್ಪಾದಕರ ಸಹಕಾರ ಸಂಘ. 2018ರಲ್ಲಿ ನಾನು ಅಧ್ಯಕ್ಷೆ ಆದೆ. ನನ್ನನ್ನೇ ಯಾಕೆ ಆರಿಸಿದರು ಅಂದರೆ ಬಾಯಿ ಜೋರು ಅಂತ. ತಮಾಷೆ ಅಲ್ಲ, ಹಾಗೇ ಅಂದಿದ್ದರು. "ಆಫೀಸಿನವರ ಮುಂದೆ ನಿಂತು ಮಾತಾಡೋಳು ಬೇಕು, ನೀನೇ ಸರಿ." ನಾನು ಜೋರು ಮಾಡುವುದೇ ಅಧ್ಯಕ್ಷಗಿರಿ ಅಂದುಕೊಂಡುಬಿಟ್ಟೆ. ಹಾಲು ಒಕ್ಕೂಟದ ಆಫೀಸಿನವರು ಬರುತ್ತಿದ್ದದ್ದು ತಿಂಗಳಿಗೆ ಒಂದೆರಡು ಸಲ. ಉಳಿದ ದಿನವೆಲ್ಲ ನನ್ನ ಬಾಯಿಗೆ ಸಿಕ್ಕಿದವರು ನಮ್ಮೂರ ಹೆಂಗಸರೇ.

ನನ್ನ ಸಿಟ್ಟಿಗೆ ಕಾರಣ ಇರಲಿಲ್ಲ ಅಂತಲ್ಲ. ಹಸುವಿನ ಹಾಲಲ್ಲಿ ಫ್ಯಾಟ್ 3.5, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಗಟ್ಟಿ ಅಂಶ) 8.5 ಇರಬೇಕು ಅನ್ನುವುದು ಲೆಕ್ಕ. ಒಬ್ಬರು ನೀರು ಬೆರೆಸಿದರೆ ಇಡೀ ಊರಿನ ಹಾಲಿನ ಅಳತೆ ಇಳಿಯುತ್ತದೆ. ರೇಟು ಎಲ್ಲರಿಗೂ ಹೊಡೆತ. ಹಾಗಾಗಿ ಅಧ್ಯಕ್ಷೆ ಗದರಿಸಿದರೆ ಯಾರೂ ತಪ್ಪು ಅನ್ನುವುದಿಲ್ಲ. ಅದೇ ಅಪಾಯ ನೋಡಿ. ನ್ಯಾಯದ ಹೆಸರಲ್ಲಿ ಬರುವ ಸಿಟ್ಟನ್ನು ಯಾರೂ ತಡೆಯುವುದಿಲ್ಲ, ನಾವೂ ತಡೆದುಕೊಳ್ಳುವುದಿಲ್ಲ.

ಆ ವಾರ ಒಕ್ಕೂಟದ ವಿಸ್ತರಣಾಧಿಕಾರಿ ಬಂದಾಗ ಆಕೆಯ ಮನೆಗೆ ಕರೆದುಕೊಂಡು ಹೋದೆ. ಕ್ಷಮೆ ಕೇಳುವುದಕ್ಕೆ ಅಂದುಕೊಂಡಿರಾ? ಅಲ್ಲ. ನಾನು ಹೇಳಿದ್ದು ಸರಿ ಅಂತ ಅವರ ಬಾಯಲ್ಲಿ ಹೇಳಿಸುವುದಕ್ಕೆ. ಅವರು ಮಾತೇ ಆಡಲಿಲ್ಲ. ಸಂಜೆ ಕರೆಯುವ ಹೊತ್ತು. ಕೊಟ್ಟಿಗೆ ಬಾಗಿಲಲ್ಲಿ ಕುಕ್ಕರುಗಾಲಲ್ಲಿ ಕೂತು ನೋಡಿದರು. ಎಚ್‌ಎಫ್ ತಳಿಯ ಸೀಮೆ ಹಸು, ಕರು ಹಾಕಿ ಒಂದೂವರೆ ತಿಂಗಳು. ಆಕೆ ಮುಕ್ಕಾಲು ಭಾಗ ಕರೆದು ಎದ್ದಳು, ಕರು ಬಿಟ್ಟಳು. "ಕರು ಬಡಕಲು ಸಾರ್, ಕೊನೇ ಹಾಲು ಅದಕ್ಕೇ ಬಿಡ್ತೀನಿ."

ಸಾಹೇಬರು ನನ್ನ ಕಡೆ ನೋಡಿದರು. ಕೆಚ್ಚಲಲ್ಲಿ ಮೊದಲು ಬರುವ ಹಾಲು ತೆಳು, ಕೊನೆಗೆ ಬರುವುದೇ ಗಟ್ಟಿ. ಕೊಬ್ಬೆಲ್ಲ ಕೊನೆಯ ಹಿಂಡಿನಲ್ಲಿ. ಅಂದರೆ ಆಕೆಯ ಹಸುವಿನ ಕೆನೆ ಕರು ಹೊಟ್ಟೆಗೆ, ತೆಳು ಹಾಲು ಡೈರಿಗೆ. ಫ್ಯಾಟ್ 2.6 ಬರದೆ ಇನ್ನೇನು ಬರುತ್ತದೆ?

ಸರಿ, ಫ್ಯಾಟ್ ಆಯಿತು. ಲ್ಯಾಕ್ಟೋಮೀಟರ್? ಅದು ಇನ್ನೂ ನಾಚಿಕೆಗೇಡು. ಆಕೆಯ ಮನೆ ತೋಟದ ಕೊನೆಯಲ್ಲಿದೆ. ಡೈರಿ ಏಳಕ್ಕೆ ಬಾಗಿಲು ಹಾಕುತ್ತದೆ. ಕರೆದ ತಕ್ಷಣ ನೊರೆ ಸಮೇತ ಓಡಿಬರುತ್ತಿದ್ದಳು. ನಮ್ಮ ಲ್ಯಾಕ್ಟೋಮೀಟರ್ 27 ಡಿಗ್ರಿ ಬಿಸಿಗೆ ಅಂತ ಅಳತೆ ಮಾಡಿದ್ದು. ಹಾಲು ಅದಕ್ಕಿಂತ ಬಿಸಿ ಇದ್ದರೆ ಅಳತೆ ಕಮ್ಮಿ ತೋರಿಸುತ್ತದೆ. ಹೆಚ್ಚಿನ ಒಂದೊಂದು ಡಿಗ್ರಿ ಬಿಸಿಗೂ ಆ ಅಳತೆಗೆ 0.2 ಸೇರಿಸಿಕೊಳ್ಳಬೇಕು. ಆಗ ತಾನೇ ಕರೆದ ಹಾಲಲ್ಲಿ ಗಾಳಿಗುಳ್ಳೆ ಬೇರೆ, ಅದರಿಂದಲೂ ಇಳಿಯುತ್ತದೆ. ಸಾಹೇಬರು ಆ ಸಂಜೆಯ ಹಾಲನ್ನೇ ಅಲ್ಲಿ ಇಟ್ಟು ನೋಡಿದರು. ಕರೆದಾಗ ಲ್ಯಾಕ್ಟೋಮೀಟರ್ 25. ಅರ್ಧ ಮುಕ್ಕಾಲು ಗಂಟೆ ಆರಿದ ಮೇಲೆ 27 ದಾಟಿತು. ಬಾವಿ ನೀರೂ ಇಲ್ಲ, ಬೋರ್‌ವೆಲ್ ನೀರೂ ಇಲ್ಲ.

ಇದೆಲ್ಲ ನನಗೆ ಗೊತ್ತಿರಲಿಲ್ಲವಾ? ಅರ್ಧಂಬರ್ಧ ಗೊತ್ತಿತ್ತು. ಅಧ್ಯಕ್ಷರಿಗೆ ಅಂತ ಒಂದು ತರಬೇತಿ ಆಗಿತ್ತು. ಊಟ ಚೆನ್ನಾಗಿತ್ತು ಅನ್ನುವುದಷ್ಟೇ ನೆನಪು.

ಸಾಹೇಬರು ಹೋದ ಮೇಲೆ ಆಕೆಯ ಜಗಲಿ ಮೇಲೆ ಕೂತು, "ತಪ್ಪಾಯ್ತು ಕಣವ್ವ" ಅಂದೆ. ಆಕೆ ಕಾಫಿ ಕೊಟ್ಟಳು. ಲೋಟ ಕೈಗಿಟ್ಟು ಅಂದಳು: "ಅಂದದ್ದು ಡೈರಿ ಮುಂದೆ. ಕೇಳೋದು ಜಗಲಿ ಮೇಲಾ?"

ಆ ರಾತ್ರಿ ನಿದ್ದೆ ಬರಲಿಲ್ಲ. ಅಧ್ಯಕ್ಷೆ ಸಾಲಿನ ಮುಂದೆ ತಪ್ಪೊಪ್ಪಿಕೊಂಡರೆ ನಾಳೆಯಿಂದ ಯಾರು ಮಾತು ಕೇಳುತ್ತಾರೆ ಅನ್ನುವುದೇ ಯೋಚನೆ. ನಮ್ಮ ಯಜಮಾನರೂ "ಅಷ್ಟೆಲ್ಲ ಬೇಡ, ಬೋನಸ್ಸಲ್ಲಿ ಏನಾದರೂ ನೋಡಿ ಕೊಡಿ" ಅಂದರು. ಬೋನಸ್ಸು ನನ್ನ ಮನೆ ದುಡ್ಡಾ? ಬೆಳಿಗ್ಗೆ ಹೋಗಿ ಹೇಳಿಯೇಬಿಟ್ಟೆ. ಹಾಲಲ್ಲಿ ನೀರಿರಲಿಲ್ಲ, ನಾನು ತಿಳಿಯದೆ ಅಂದೆ, ತಪ್ಪು ನನ್ನದು ಅಂತ. ಯಾರೂ ಕಣ್ಣೀರು ಹಾಕಲಿಲ್ಲ. ಇಬ್ಬರು ಫೋನ್ ನೋಡುತ್ತಿದ್ದರು. ಒಬ್ಬಳು "ಹಾಗಾದ್ರೆ ನಂದೂ ಹೋದ ತಿಂಗಳದ್ದು ಇನ್ನೊಂದ್ಸಲ ನೋಡಿ" ಅಂತ ಶುರು ಮಾಡಿದಳು. ಆಕೆ ಮಾತ್ರ ಸಾಲಲ್ಲಿ ಇರಲೇ ಇಲ್ಲ. ವಾಪಸ್ ಬಂದದ್ದು ಹನ್ನೊಂದು ದಿನ ಕಳೆದ ಮೇಲೆ.

ಕ್ಷಮೆ ಕೇಳಿದ್ದರಿಂದ ನಾನು ಬದಲಾದೆ ಅಂತ ಹೇಳಿದರೆ ಸುಳ್ಳಾಗುತ್ತದೆ. ನನ್ನನ್ನು ನಿಜವಾಗಿ ಅಲ್ಲಾಡಿಸಿದ್ದು ಬೇರೆ ಮಾತು. ಅದೇ ದಿನ ಕ್ಯಾನ್ ತೊಳೆಯುವ ಹೊತ್ತಲ್ಲಿ ನಮ್ಮ ಟೆಸ್ಟರ್ ಹುಡುಗಿ ಮೆಲ್ಲಗೆ ಅಂದಳು: "ಅಕ್ಕ, ಆವತ್ತು ಹಾಲು ಬಿಸಿ ಇತ್ತು. ನಂಗೆ ಗೊತ್ತಿತ್ತು."

"ಮತ್ತೆ ಹೇಳಲಿಲ್ಲ ಯಾಕೆ?"

"ನೀವು ಕೇಳಲಿಲ್ಲ."

ಮೇಜಿನ ಆ ಕಡೆ ಅವಳು, ಈ ಕಡೆ ನಾನು. ಮಧ್ಯೆ ಮೂರು ಅಡಿ. ಗೊತ್ತಿದ್ದವಳು ಬಾಯಿ ಮುಚ್ಚಿಕೊಂಡಿದ್ದಳು, ಗೊತ್ತಿಲ್ಲದವಳು ಬಾಯಿ ಬಿಟ್ಟಿದ್ದಳು. ಮನೆಗೆ ಹೋಗಿ ಲೆಕ್ಕ ಹಾಕಿದೆ, ಇವಳು ಇನ್ನೂ ಏನೇನು ಹೇಳದೆ ಬಿಟ್ಟಿರಬಹುದು? ಕಾರ್ಯದರ್ಶಿ ಏನು ಮುಚ್ಚಿಟ್ಟಿರಬಹುದು? ಜೋರು ಮಾಡಿದರೆ ಕೆಲಸ ಆಗುತ್ತದೆ ಅಂದುಕೊಂಡಿದ್ದೆ. ಆಗುತ್ತಿದ್ದದ್ದು ಏನೆಂದರೆ, ನನಗೆ ಬೇಕಾದ ಸುದ್ದಿಯೆಲ್ಲ ನನ್ನ ಹತ್ತಿರ ಬರುವುದನ್ನೇ ನಿಲ್ಲಿಸಿತ್ತು.

ಮೊದಲು ಮಾಡಿದ ಕೆಲಸ, ಆ ಕುರ್ಚಿ ತೆಗೆಸಿದೆ. ಮಹಾ ತ್ಯಾಗ ಏನಲ್ಲ. ಅಲ್ಲಿ ಕೂತಿದ್ದರೆ ನನ್ನ ಬಾಯಿ ನನ್ನ ಹಿಡಿತದಲ್ಲಿ ಇರುವುದಿಲ್ಲ ಅಂತ ಗೊತ್ತಾಗಿತ್ತು, ಅಷ್ಟೆ. ನನ್ನ ಮನೆ ಹಾಲು ಹಿಡಿದು ಎಲ್ಲರ ಹಿಂದೆ ಸಾಲಲ್ಲಿ ನಿಲ್ಲತೊಡಗಿದೆ. ಅಲ್ಲಿಯವರೆಗೆ ಅಧ್ಯಕ್ಷರ ಹಾಲು ಮೊದಲು ಅನ್ನುವ ಪದ್ಧತಿ ಇತ್ತು. ಸಾಲಲ್ಲಿ ನಿಂತರೆ ಎಷ್ಟು ವಿಷಯ ಕಿವಿಗೆ ಬೀಳುತ್ತದೆ ಅಂತೀರಿ! ಹಿಂಡಿ ಮೂಟೆ ತೂಕ ಕಮ್ಮಿ ಇದೆ, ಬಟವಾಡೆ ದಿನ ಚಿಲ್ಲರೆ ಕೊಡುವುದಿಲ್ಲ, ಸಂಜೆ ಲೈಟ್ ಇಲ್ಲದೆ ಮೆಟ್ಟಿಲು ಕಾಣುವುದಿಲ್ಲ. ನನ್ನ ಬಗ್ಗೆಯೂ ಬಿತ್ತು. ಮೊದಲ ವಾರ ಎರಡು ಸಲ ತಿರುಗಿ ನಿಂತು ಜಗಳಕ್ಕೇ ಹೋದೆ. ಆಮೇಲೆ ಸ್ವಲ್ಪ ಅಭ್ಯಾಸವಾಯಿತು.

ಎರಡನೆಯದು, ಅಳತೆ ಕಮ್ಮಿ ಬಂದರೆ ಬಾಯಲ್ಲಿ ಹೇಳುವುದೇ ಬೇಡ ಅಂತ ಕಮಿಟಿಯಲ್ಲಿ ತೀರ್ಮಾನ ಮಾಡಿದೆವು. ಟೆಸ್ಟರ್ ಆ ಸ್ಯಾಂಪಲ್ಲನ್ನು ಚೀಟಿ ಅಂಟಿಸಿ ಪಕ್ಕಕ್ಕಿಡುತ್ತಾಳೆ. ಆರಿದ ಮೇಲೆ ಇನ್ನೊಮ್ಮೆ ನೋಡುತ್ತಾಳೆ. ಮೂರು ದಿನ ಹಾಗೇ ಬಂದರೆ ಕಾರ್ಯದರ್ಶಿ ಮನೆಗೆ ಹೋಗಿ ಮುಂದೆ ಕೂತು ಕರೆಸಿ ನೋಡುತ್ತಾರೆ. ಹೀಗೆ ಹೋದಲ್ಲಿ ಜಾಸ್ತಿ ಸಲ ಸಿಕ್ಕಿದ್ದು ಕೆಚ್ಚಲು ಬಾವು, ಇಲ್ಲವೇ ಒಣಹುಲ್ಲಿಲ್ಲದೆ ಬರೀ ಹಸಿ ಮೇವು. ನೀರು ಸಿಕ್ಕಿದ್ದು ಅಪರೂಪ.

ಅಪರೂಪಕ್ಕೆ ಸಿಕ್ಕಿತು ಅಂದೆನಲ್ಲ, ಅಲ್ಲಿ ನಾನು ಮತ್ತೆ ಎಡವಿದೆ, ಈ ಸಲ ಇನ್ನೊಂದು ಕಡೆಗೆ. ನಮ್ಮ ಕಮಿಟಿಯ ಒಬ್ಬ ನಿರ್ದೇಶಕಿಯ ಹಾಲು ಲ್ಯಾಕ್ಟೋಮೀಟರಲ್ಲಿ ದಿನಾ 22, 23. ಆರಿಸಿ ನೋಡಿದರೂ ಅಷ್ಟೇ. ಟೆಸ್ಟರ್ ಈಗ ಧೈರ್ಯವಾಗಿ ಬಂದು ನನಗೆ ಹೇಳಿದಳು. ನಾನು "ನೋಡೋಣ" ಅಂದೆ. ಹದಿನೈದು ದಿನ "ನೋಡೋಣ" ಅಂದೆ. ಆ ನಿರ್ದೇಶಕಿ ನನಗೆ ವೋಟು ಹಾಕಿದವಳು, ಹಬ್ಬಕ್ಕೆ ನಮ್ಮ ಮನೆಗೆ ಹೋಳಿಗೆ ಕೊಟ್ಟು ಕಳಿಸುವವಳು. ಮೊದಲಾದರೆ ಸಿಟ್ಟಾದರೂ ಮಾಡಿಕೊಳ್ಳುತ್ತಿದ್ದೆ. ಈಗ ತಾಳ್ಮೆ ಕಲಿತಿದ್ದೇನೆ ಅಂತ ನನಗೆ ನಾನೇ ಹೇಳಿಕೊಂಡು ಹೆದರಿ ಸುಮ್ಮನಿದ್ದೆ. ತಾಳ್ಮೆಗೂ ಪುಕ್ಕಲುತನಕ್ಕೂ ಹೊರಗಿನಿಂದ ನೋಡಿದರೆ ವ್ಯತ್ಯಾಸ ಕಾಣುವುದಿಲ್ಲ. ಒಳಗೆ ಗೊತ್ತಿರುತ್ತದೆ. ಹೊಟ್ಟೆಯಲ್ಲಿ ಏನೋ ಕಿವುಚಿದ ಹಾಗೆ ಆಗುತ್ತಿರುತ್ತದೆ.

ಕೊನೆಗೆ ಹೋದೆ. ಒಬ್ಬಳೇ ಹೋಗಲಿಲ್ಲ, ಕಾರ್ಯದರ್ಶಿಯನ್ನೂ ಚೀಟಿಗಳನ್ನೂ ಕರೆದುಕೊಂಡೇ ಹೋದೆ. ಬ್ಯಾಂಕಿನ ಕಂತಿಗೆ ಲೀಟರ್ ಸಾಲದೆ ಮನೆಯವರು ಬೆರೆಸುತ್ತಿದ್ದರು ಅಂದಳು. ಕಷ್ಟ ನಿಜವೇ. ಆದರೆ ಹಾಲು ತೆಗೆದುಕೊಳ್ಳಲಿಲ್ಲ. ಸರಿಹೋಗುವ ತನಕ ವಾಪಸ್ ಕಳಿಸಿದೆವು. ಎಲ್ಲರಿಗೂ ಇರುವ ನಿಯಮವೇ ಅವಳಿಗೂ. ಹೋಳಿಗೆ ಬರುವುದು ನಿಂತಿತು, ಇವತ್ತಿಗೂ ಮಾತಿಲ್ಲ. ನನಗೆ ಬೇಜಾರಿದೆ. ಆದರೆ ಆ ಹದಿನೈದು ದಿನದ ಬಗ್ಗೆ ಅದಕ್ಕಿಂತ ಜಾಸ್ತಿ ಬೇಜಾರಿದೆ.

2022ರಲ್ಲಿ ಚರ್ಮಗಂಟು ರೋಗ ಬಂತು. ಹಸುಗಳ ಮೈತುಂಬ ಗಂಟು, ಜ್ವರ, ಮೇವು ಬಿಡುವುದು. ಬೆಳಿಗ್ಗೆ ಸಾಲಲ್ಲಿ ನೂರೆಂಟು ಪ್ರಶ್ನೆ. ಹಾಲು ಕುಡಿಯಬಹುದಾ? ಮಕ್ಕಳಿಗೆ ಅಂಟುತ್ತದಾ? ಡೈರಿ ಮುಚ್ಚುತ್ತಾರಾ? ಮೊದಲಿನ ನಾನಾಗಿದ್ದರೆ ಎಲ್ಲದಕ್ಕೂ ಉತ್ತರ ಕೊಟ್ಟುಬಿಡುತ್ತಿದ್ದೆ. ಅಧ್ಯಕ್ಷೆಗೆ ಗೊತ್ತಿಲ್ಲ ಅಂದರೆ ಮರ್ಯಾದೆ ಹೋಗುತ್ತದೆ ಅನ್ನುವ ಭ್ರಮೆ. ಈ ಸಲ, "ಗೊತ್ತಿಲ್ಲ, ಡಾಕ್ಟರನ್ನು ಕೇಳಿ ಸಂಜೆ ಹೇಳ್ತೀನಿ" ಅಂದೆ. ಸಂಜೆ ಹೇಳಿಯೂ ಹೇಳಿದೆ. ಮನುಷ್ಯರಿಗೆ ಅಂಟುವುದಿಲ್ಲ, ಹಾಲು ಚೆನ್ನಾಗಿ ಕಾಯಿಸಿ ಕುಡಿಯಿರಿ, ನೊಣ ಸೊಳ್ಳೆ ಉಣ್ಣೆಯಿಂದ ಹರಡುತ್ತದೆ, ಕೊಟ್ಟಿಗೆಯಲ್ಲಿ ಹೊಗೆ ಹಾಕಿ, ಕಾಯಿಲೆ ಬಂದದ್ದನ್ನು ಬೇರೆ ಕಟ್ಟಿ, ಉಳಿದವಕ್ಕೆ ಲಸಿಕೆ ಹಾಕಿಸಿ. ಬೆಳಿಗ್ಗೆ ಕೇಳಿದ್ದಕ್ಕೆ ಸಂಜೆ ಉತ್ತರ ಬರುತ್ತದೆ ಅಂತ ಗೊತ್ತಾದ ಮೇಲೆ ಗಾಬರಿ ಎಷ್ಟೋ ಕಮ್ಮಿಯಾಯಿತು.

ಆ ಸಮಯದಲ್ಲೇ ತೋಟದ ಕೊನೆಯ ಮನೆಯ ಎಚ್‌ಎಫ್ ಹಸು ಸತ್ತಿತು. ಹೌದು, ಅದೇ ಹಸು. ನಾನು ಹೋದಾಗ ಜೆಸಿಬಿ ಗುಂಡಿ ತೆಗೆಯುತ್ತಿತ್ತು. ಸಮಾಧಾನ ಹೇಳಬೇಕು ಅಂತ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಹೋಗಿದ್ದೆ. ಅಲ್ಲಿ ಒಂದೂ ಬಾಯಿಗೆ ಬರಲಿಲ್ಲ. ಸುಮ್ನೆ ಪಕ್ಕದಲ್ಲಿ ನಿಂತೆ. ಬಡಕಲು ಅಂತ ಆಕೆ ಹಾಲು ಬಿಡುತ್ತಿದ್ದ ಆ ಕರು ಆಗಲೇ ಬೆಳೆದು ಗಬ್ಬವಾಗಿತ್ತು. ಅದಕ್ಕೆ ಕಾಯಿಲೆ ಬಂದಿರಲಿಲ್ಲ.

2023ಕ್ಕೆ ನನ್ನ ಐದು ವರ್ಷ ಮುಗಿಯಿತು. ಈಗ ಬೇರೆಯವರು ಅಧ್ಯಕ್ಷೆ. ನಾನು ಬರೀ ಸದಸ್ಯೆ, ಎರಡು ಹಸು. ಹೋದ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ನನ್ನ ಹಾಲಿಗೆ ಫ್ಯಾಟ್ 2.9 ಬಂತು. ಟೆಸ್ಟರ್ ಏನೂ ಅನ್ನಲಿಲ್ಲ. ಚೀಟಿ ಅಂಟಿಸಿ ಪಕ್ಕಕ್ಕಿಟ್ಟಳು. "ನಂದೇನೇ ಅದು? ಸರಿಯಾಗಿ ನೋಡಿದೆಯಾ?" ಅಂತ ಜೋರಾಗಿಯೇ ಕೇಳಿಬಿಟ್ಟೆ. ಹಿಂದೆ ಯಾರೋ ಕೆಮ್ಮಿದರು.

"ನಿಮ್ದೇ ಅಕ್ಕ. ಆರಿದ ಮೇಲೆ ಇನ್ನೊಂದ್ಸಲ ನೋಡ್ತೀನಿ. ಒಣಹುಲ್ಲು ಹಾಕ್ತಿದ್ದೀರಾ?"

ಹಾಕುತ್ತಿರಲಿಲ್ಲ. ಬಣವೆ ಖಾಲಿಯಾಗಿ ತಿಂಗಳಾಗಿತ್ತು, ಬರೀ ಹಸಿ ಜೋಳದ ಕಡ್ಡಿ ಮೇಲೆ ತಳ್ಳುತ್ತಿದ್ದೆ. ಆ ವಾರವೇ ಒಂದು ಟ್ರ್ಯಾಕ್ಟರ್ ರಾಗಿ ಹುಲ್ಲು ತರಿಸಿದೆ. ಹನ್ನೆರಡು ದಿನಕ್ಕೆ 3.6 ಬಂತು.