ಕೈ ಸೋತು ತಾನಾಗಿ ಸರಿಹೋಯಿತೇ? ಕತ್ತಿನ ರಕ್ತನಾಳ ನೋಡಿಸಿ

ಹತ್ತು ನಿಮಿಷ ಕೈ ಸೋತು, ಮಾತು ತೊದಲಿ, ಆಮೇಲೆ ಎಲ್ಲ ಸರಿಹೋದರೆ ಮನೆಯವರು ನಿರಾಳವಾಗಿಬಿಡುತ್ತಾರೆ. ಹಾಗೆ ಸುಮ್ಮನಾಗಬೇಡಿ. ಕತ್ತಿನ ದೊಡ್ಡ ರಕ್ತನಾಳದಲ್ಲಿ ಜಿಡ್ಡು ಕಟ್ಟಿದ್ದರೆ, ಪೂರ್ಣ ಪಾರ್ಶ್ವವಾಯು ಬರುವ ಸಾಧ್ಯತೆ ಹೆಚ್ಚಿರುವುದು ಮುಂದಿನ ಕೆಲವೇ ದಿನಗಳಲ್ಲಿ. ಅದೇ ದಿನ ಆಸ್ಪತ್ರೆಗೆ ಹೋಗಿ. ಮನೆಯಲ್ಲೇ ಆಸ್ಪಿರಿನ್ ನುಂಗಿಸಬೇಡಿ. ಮೆದುಳಿನಲ್ಲಿ ರಕ್ತಸ್ರಾವ ಆಗಿಲ್ಲ ಎಂಬುದು ಸ್ಕ್ಯಾನ್ ಮಾಡದೆ ತಿಳಿಯುವುದಿಲ್ಲ.

ಕತ್ತಿನ ಈ ದೊಡ್ಡ ನಾಳಕ್ಕೆ ಕೆರೋಟಿಡ್ ಎನ್ನುತ್ತಾರೆ; ಅದು ದವಡೆಯ ಕೆಳಗೆ ಎರಡಾಗಿ ಕವಲೊಡೆಯುತ್ತದೆ. ಜಿಡ್ಡು ಹೆಚ್ಚಾಗಿ ಕಟ್ಟುವುದು ಅಲ್ಲೇ. ಜಿಡ್ಡಿನ ಮೇಲ್ಪದರ ಬಿರಿದರೆ ಅದರ ಮೇಲೆ ರಕ್ತ ಹೆಪ್ಪುಗಟ್ಟಿ, ಚೂರುಗಳು ಮೆದುಳಿಗೆ ಹೋಗಿ ಸಿಕ್ಕಿಕೊಳ್ಳುತ್ತವೆ. ಎಡಗಡೆಯ ನಾಳ ಕೆಟ್ಟಿದ್ದರೆ ಸೋಲುವುದು ಬಲಗೈ. ಆದರೆ ಪರದೆ ಇಳಿದಂತೆ ಮಬ್ಬಾಗುವುದು ಎಡಗಣ್ಣು. ಆದ್ದರಿಂದ ಯಾವ ಕೈ, ಯಾವ ಕಣ್ಣು, ಎಷ್ಟು ಹೊತ್ತಿಗೆ ಶುರುವಾಯಿತು ಎಂಬುದನ್ನು ಬರೆದುಕೊಂಡು ಹೋಗಿ.

ಮೆದುಳಿನ ಸ್ಕ್ಯಾನ್ ಒಂದೇ ಸಾಲದು. ಕತ್ತಿನ ಡಾಪ್ಲರ್ (ನಾಳದಲ್ಲಿ ರಕ್ತದ ಹರಿವು ನೋಡುವ ಅಲ್ಟ್ರಾಸೌಂಡ್) ಅಥವಾ ಸಿ.ಟಿ. ಆಂಜಿಯೋಗ್ರಾಮ್ (ಬಣ್ಣದ ಔಷಧಿ ಚುಚ್ಚಿ ನಾಳಗಳನ್ನು ನೋಡುವ ಸ್ಕ್ಯಾನ್) ಬೇಕು; ಹೆಪ್ಪು ಹೃದಯದಿಂದಲೂ ಬಂದಿರಬಹುದಾದ್ದರಿಂದ ಇ.ಸಿ.ಜಿ. ಕೂಡ. ಕತ್ತಿನ ಡಾಪ್ಲರ್ ತಲೆಬುರುಡೆಯೊಳಗಿನ ನಾಳಗಳನ್ನು ತೋರಿಸುವುದಿಲ್ಲ, ಅದು ನಾರ್ಮಲ್ ಬಂದರೂ ಪರೀಕ್ಷೆ ಮುಗಿಯಿತೆಂದಲ್ಲ.

ರಿಪೋರ್ಟಿನಲ್ಲಿ ನಾಳ ಶೇಕಡಾ ಎಷ್ಟು ಕಿರಿದಾಗಿದೆ ಎಂದು ನೋಡಿ. ಲಕ್ಷಣಕ್ಕೆ ಕಾರಣವಾದ ಕತ್ತಿನ ನಾಳದಲ್ಲಿ ಅದು 70ರಿಂದ 99 ಇದ್ದರೆ ಜಿಡ್ಡು ತೆಗೆಯುವ ಶಸ್ತ್ರಚಿಕಿತ್ಸೆಯಿಂದ ಹೆಚ್ಚು ಲಾಭ, ಅದೂ ಎರಡು ವಾರದೊಳಗೆ ಆದರೆ. ‘ಮುಂದಿನ ತಿಂಗಳು ಮಾಡಿಸೋಣ’ ಎನ್ನುವಷ್ಟರಲ್ಲಿ ಆ ಲಾಭದ ಬಹುಪಾಲು ಕೈತಪ್ಪಿರುತ್ತದೆ. 50ರಿಂದ 69 ಇದ್ದರೆ ವಯಸ್ಸು, ಆರೋಗ್ಯ ನೋಡಿ ತೀರ್ಮಾನ. 50ಕ್ಕಿಂತ ಕಡಿಮೆ ಇದ್ದರೆ ಮಾತ್ರೆ ಸಾಕು. ಪೂರ್ತಿ ಮುಚ್ಚಿಹೋದ ನಾಳಕ್ಕೂ ಸಾಮಾನ್ಯವಾಗಿ ಮಾತ್ರೆಯೇ. ತಲೆಯೊಳಗಿನ ನಾಳ ಕಿರಿದಾಗಿದ್ದರೆ ಮೊದಲು ಔಷಧಿ; 2011ರ ಸ್ಯಾಂಪ್ರಿಸ್ ಅಧ್ಯಯನದಲ್ಲಿ ಔಷಧಿ ಮಾತ್ರ ಪಡೆದವರಿಗಿಂತ ಅಲ್ಲಿ ಸ್ಟೆಂಟ್ (ನಾಳ ಅಗಲಿಸಿಡುವ ಜಾಲರಿ ಕೊಳವೆ) ಹಾಕಿಸಿಕೊಂಡವರಿಗೇ ಹೆಚ್ಚು ಪಾರ್ಶ್ವವಾಯು ಆಯಿತು.

ಲಕ್ಷಣ ಸೌಮ್ಯವಾಗಿದ್ದವರಿಗೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಆಸ್ಪಿರಿನ್, ಕ್ಲೊಪಿಡೊಗ್ರೆಲ್ ಎರಡನ್ನೂ ಸಾಮಾನ್ಯವಾಗಿ 21 ದಿನ ಕೊಡುತ್ತಾರೆ. ತಲೆಯೊಳಗಿನ ನಾಳ ತೀರಾ ಕಿರಿದಾಗಿದ್ದರೆ 90 ದಿನದವರೆಗೆ. ನಂತರ ಒಂದೇ. ಎರಡನ್ನೂ ವರ್ಷಗಟ್ಟಲೆ ನುಂಗಿದರೆ ರಕ್ತಸ್ರಾವದ ಅಪಾಯ ಏರುತ್ತದೆ, ಹಾಗಾಗಿ ಯಾವುದನ್ನು ಯಾವ ತಾರೀಖಿಗೆ ನಿಲ್ಲಿಸಬೇಕೆಂದು ಚೀಟಿಯಲ್ಲೇ ಬರೆಸಿಕೊಳ್ಳಿ.

ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆಯ ಗುರಿ ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) 70ಕ್ಕಿಂತ ಕೆಳಗಿಡುವುದು. ರಿಪೋರ್ಟ್ ಚೆನ್ನಾಗಿ ಬಂತೆಂದು ಹಲವರು ಅದನ್ನು ಬಿಟ್ಟುಬಿಡುತ್ತಾರೆ. ಚೆನ್ನಾಗಿ ಬಂದದ್ದೇ ಮಾತ್ರೆಯಿಂದ. ಬಿ.ಪಿ. ಕ್ರಮೇಣ 130/80ರ ಕೆಳಗೆ ಬರಲಿ, ಆದರೆ ಮೊದಲ ದಿನಗಳಲ್ಲಿ ಆತುರ ಬೇಡ: ಕಿರಿದಾದ ನಾಳದಾಚೆ ರಕ್ತ ಸಾಲದೆ ಹೋಗಬಹುದು. ಬೀಡಿ, ಸಿಗರೇಟು ಪೂರ್ತಿ ನಿಲ್ಲಬೇಕು. ಹಲ್ಲು ಕೀಳಿಸುವಾಗ ಆಸ್ಪಿರಿನ್ ನಿಲ್ಲಿಸಲು ಯಾರಾದರೂ ಹೇಳಿದರೆ, ಪಾರ್ಶ್ವವಾಯುವಿಗೆ ನೋಡಿದ ವೈದ್ಯರನ್ನು ಕೇಳದೆ ನಿಲ್ಲಿಸಬೇಡಿ.